ಬಿಚ್ಚುವುದಕ್ಕೆ ರೇಟಿಲ್ಲ

ದುರ್ಗಿಗುಡಿಯಲ್ಲಿ ಬ್ಯಾಂಕಿನ ಗೋಡೆಗೆ ಒತ್ತಿ ನನ್ನ ಮಿಷನ್ನು.
ಮೂರು ಗಂಟೆ ತನಕ ಗೋಡೆಯ ನೆರಳು, ಆಮೇಲೆ ಛತ್ರಿ.
ಜಿಪ್ಪಿಗೆ ಮೂವತ್ತು, ಅಂಚಿಗೆ ಇಪ್ಪತ್ತು,
ಪ್ಯಾಂಟು ಗಿಡ್ಡ ಮಾಡಲು ನಲವತ್ತು.

ಪ್ರಣೀತ ತಂದ ಜಾಕೆಟ್ಟು ಭಾನುವಾರದ ಗುಜರಿ ರಾಶಿಯದು,
ಹಡಗಿನಲ್ಲಿ ಬಂದ ಮಾಲು.
ಒಳಜೇಬಿನ ಮೂಲೆಯಲ್ಲಿ ಯಾರದೋ ಊರಿನ ಮಣ್ಣು.
ಬೆನ್ನ ಮೇಲೆ ಎರಡಂಗೈ ಅಗಲದ ಕೆಂಪು ತೇಪೆ,
ಅದರ ಮೇಲೆ ನೀಲಿ ಪಟ್ಟಿ ಎರಡು, ಕತ್ತರಿ ತೆರೆದಿಟ್ಟ ಹಾಗೆ.
ಪಟ್ಟಿಯೊಳಗೆ ಬಿಳಿ ನಕ್ಷತ್ರ.
ಎಣಿಸಿದೆ. ಹದಿಮೂರು.
‘ಒಂದು ಮೂಲೆ ಎದ್ದಿದೆ ಅಣ್ಣ, ಗಟ್ಟಿ ಹೊಲಿದುಕೊಡಿ.’

ಬ್ಯಾಗಿನ ಪಟ್ಟಿ ಹೊಲಿಸಲು ನಿಂತಿದ್ದರು ಫಿರ್ದೋಸ್ ಮೇಡಂ,
ಕಾಲೇಜಿನಲ್ಲಿ ಇತಿಹಾಸ ಹೇಳುವವರು.
‘ಇದೇನು ಅಂತ ಗೊತ್ತೇನೋ ಮಾರಾಯ?
ಮನುಷ್ಯರನ್ನು ಮಾರುವ ಹಕ್ಕು ಉಳಿಯಲಿ ಅಂತ
ಕಾದಾಡಿ ಸೋತವರ ಬಾವುಟ.
ಹತ್ತಿ ಬಿಡಿಸಲು ಬೆರಳು ಬೇಕಿತ್ತು ಅವರಿಗೆ,
ಬೆರಳಿನ ಹಿಂದಿನ ಮನುಷ್ಯ ಬೇಕಿರಲಿಲ್ಲ.’

‘ಅಯ್ಯೋ ಮೇಡಂ, ಸ್ಟೈಲು ಅಷ್ಟೇ.
ಬೈಕಿನವರು ಹಾಕ್ಕೋತಾರೆ.
ಯಾರಿಗೂ ತಲೆ ಬಾಗಲ್ಲ ಅಂತ ಅರ್ಥ.’

ಕೋಟಿನ ಗುಂಡಿಗೆ ಕಾಯುತ್ತಿದ್ದ ಇಂದುಧರ ಪಟೇಲರು
ಪೇಪರು ಮಡಚಿದರು.
‘ಸೋತವರಿಗೂ ಅಜ್ಜಂದಿರು ಇರ್ತಾರಲ್ಲಮ್ಮ.
ಅವರ ಶೌರ್ಯ ನೆನೆಯೋದು ತಪ್ಪೇ?
ಅಷ್ಟು ದೂರ ಯಾಕೆ, ನಮ್ಮನೆ ಗೋಡೆ ಮೇಲೆ ಅಜ್ಜನ ಬೆತ್ತ ಇದೆ,
ಬೆಳ್ಳಿ ಕಟ್ಟಿಸಿದ್ದೇವೆ, ಆಯುಧಪೂಜೆಗೆ ಕುಂಕುಮ ಇಡ್ತೇವೆ.
ಹೊಡೆಯೋಕಲ್ಲ, ಗೌರವಕ್ಕೆ.
ಆಳುಗಳನ್ನ ಮಕ್ಕಳ ಹಾಗೆ ಸಾಕಿದ ಮನೆ ನಮ್ಮದು.
ವರ್ಷಕ್ಕೊಂದು ಕಂಬಳಿ, ಒಂದು ವರ್ಷವೂ ತಪ್ಪಿಸಿಲ್ಲ.’

ಪೆಡಲು ನಿಂತಿತು.

ಆ ಬೆತ್ತ ನನಗೆ ಗೊತ್ತು.
ಬೆಳ್ಳಿ ಕಟ್ಟುವ ಮೊದಲಿನದು.

ನನ್ನಜ್ಜ ಆ ಮನೆಯ ಹುಟ್ಟಾಳು.
ಹುಟ್ಟಿದ ಮೇಲೆ ಆಳಾದವನಲ್ಲ,
ಹೊಕ್ಕುಳ ಬಳ್ಳಿ ಕೊಯ್ಯುವಾಗಲೇ ಲೆಕ್ಕಕ್ಕೆ ಸೇರಿದವನು.
ಸಾಲ ತಂದದ್ದು ಅವನಪ್ಪನ ಅಪ್ಪ,
ಎಷ್ಟು ಅಂತ ಬರೆದಿಟ್ಟವರಿಗೇ ಗೊತ್ತು.
ಗಿಡ್ಡ ಅನ್ನುವ ಹೆಸರೂ ಅವರಿಟ್ಟದ್ದೇ.
ಆರಡಿ ಇದ್ದನಂತೆ ಅಜ್ಜ.
ಅವರು ನೆಟ್ಟಗೆ ನಿಂತದ್ದನ್ನು ನೋಡಿರಲಿಲ್ಲ.

ಕಂಬಳಿ ಕೊಡುತ್ತಿದ್ದರು, ಹೌದು.
ಅಜ್ಜಿ ದ್ಯಾವಿ ಎಂಥ ಚಳಿಗೂ ಅದನ್ನು ಹೊದೆಯಲಿಲ್ಲ.
ಬಾಗಿಲಿಗೆ ಹಾಸಿದಳು, ಕಾಲೊರೆಸಲು.
ಅದಕ್ಕೇನರ್ಥ ಅಂತ
ಯಾರೂ ಕೂತು ಚರ್ಚೆ ಮಾಡಲಿಲ್ಲ.

ಇಷ್ಟನ್ನೂ ಹೇಳಿದೆನೇ?
ಬಾಯಲ್ಲಿ ದಾರ ಇತ್ತು.
ಕಡಿದು ಉಗುಳಿ ಇಷ್ಟೇ ಅಂದೆ:
‘ಬೆತ್ತದ ಅರ್ಥ ಕೈಯೊಂದನ್ನೇ ಕೇಳಿದರೆ ಹೇಗೆ ಸರ್,
ಬೆನ್ನೂ ಇರುತ್ತಲ್ಲ.’

ಪಟೇಲರು ಕನ್ನಡಕ ಸರಿಮಾಡಿ ನನ್ನನ್ನು
ಮೊದಲ ಸಲ ನೋಡಿದರು.
‘ನಿನ್ನದು ಯಾವೂರಾಯ್ತು?’
‘ನಿಮ್ಮೂರೇ.’

ಅವರು ಕೋಟು ತೆಗೆದುಕೊಂಡು ಹೋದರು,
ಒಂದು ಗುಂಡಿ ಬಾಕಿ ಇತ್ತು.

ಪ್ರಣೀತ ಬಹಳ ಹೊತ್ತು ಮೊಬೈಲು ಉಜ್ಜಿದ.
ಆಮೇಲೆ ಮೆಲ್ಲಗೆ, ‘ಬಿಚ್ಚಿಬಿಡಿ ಅಣ್ಣ.’

ಬಿಚ್ಚುವುದು ಹೊಲಿದಷ್ಟು ಸಲೀಸಲ್ಲ.
ಯಾವ ಕೈಯೋ ಎರಡೆರಡು ಸಲ ಓಡಿಸಿದ ಹೊಲಿಗೆ,
ಬ್ಲೇಡು ಇಟ್ಟರೆ ಬಟ್ಟೆಯೇ ಸೀಳುತ್ತದೆ.
ಸೂಜಿ ಮೊನೆಯಲ್ಲಿ ಒಂದೊಂದೇ ಎಳೆ ಎತ್ತಿದೆ.
ಛತ್ರಿ ಬಿಡಿಸುವ ಹೊತ್ತಾಯಿತು. ಮೇಡಂ ಹೋಗಿರಲಿಲ್ಲ.

ತೇಪೆ ಬಂತು. ಅದರಡಿ
ಬಿಸಿಲು ಕಾಣದ ಕಡುನೀಲಿ ಚೌಕ, ಸುತ್ತ ಮಾಸಿದ ಬೆನ್ನು,
ಅಂಚಿಗುದ್ದಕ್ಕೂ ಇರುವೆ ಸಾಲಿನ ಹಾಗೆ ತೂತು.

‘ಅಣ್ಣ, ಈಗ ಇನ್ನೂ ಎದ್ದು ಕಾಣುತ್ತಲ್ಲ!’

‘ಕಾಣಲಿ,’ ಅಂದರು ಮೇಡಂ.

‘ಎಷ್ಟಾಯ್ತು?’
ಹೊಲಿದಿದ್ದರೆ ಹೇಳುತ್ತಿದ್ದೆ.
ಬಿಚ್ಚಿದ್ದಕ್ಕೆ ನನ್ನ ಹತ್ತಿರ ಇನ್ನೂ ರೇಟಿಲ್ಲ.

ತೇಪೆ ಮಿಷನ್ನಿನ ಡ್ರಾಯರಿನಲ್ಲಿದೆ.
ಎಣ್ಣೆ ಒರೆಸಲು ಇಟ್ಟುಕೊಂಡೆ.
ಗಟ್ಟಿ ಬಟ್ಟೆ,
ಎಷ್ಟು ಒಗೆದರೂ ಬಣ್ಣ ಬಿಡುವುದಿಲ್ಲ.